ಗೋಹರಳ ಹೆಸರಿನ ಮೀನು

ಆಬಾನ್ ತಿಂಗಳ ೯, ಮಂಗಳವಾರ.

ಏಳು ವರ್ಷ ಮೀನಿನ ಹುರುಪೆ ಎಣಿಸಿದ್ದೆಲ್ಲ ದಂಡ. ನಮ್ಮೂರ ಸುರಂಗಬಾವಿಯ ಬೆರಳುದ್ದದ ಮೀನು ಹತ್ತಿರದ ಹಲೀಲ್ ನದಿಯ ಜಾತಿಯದಲ್ಲ, ಹೊಸ ಉಪಪ್ರಭೇದವೇ ಎಂದು ನಂಬಿದ್ದೆ. ಅದಕ್ಕೆ ತೀರಿಕೊಂಡ ನನ್ನ ಹೆಂಡತಿ ಗೋಹರಳ ಹೆಸರಿಟ್ಟು, ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ಇಂಗ್ಲಿಷಿನಲ್ಲಿ ಲೇಖನವನ್ನೂ ಮುಗಿಸಿದ್ದೆ. ಇವತ್ತು ಬಾವಿ ತೋಡುವ ಮುದುಕ ಶಾನಜರ್ ಚಹಾ ಹೀರುತ್ತ ನಕ್ಕ.

"ಆ ಮೀನಾ ಮೇಷ್ಟ್ರೇ? ನಮ್ಮಪ್ಪ ಬಾಮ್ಪೂರ್ ಹೊಳೆಯಿಂದ ತೊಗಲುಚೀಲದಲ್ಲಿ ತಂದು ಬಿಟ್ಟಿದ್ದು. ಹುಳ ತಿಂದು ನೀರು ಚೊಕ್ಕ ಇಡ್ತವೆ ಅಂತ ಎಲ್ಲ ಊರಲ್ಲೂ ಬಿಡ್ತಾರಲ್ಲ."

"ಇಷ್ಟು ವರ್ಷ ಯಾಕಯ್ಯ ಹೇಳ್ಲಿಲ್ಲ?"

"ನೀವು ಮೀನನ್ನ ಕೇಳ್ತಿದ್ರಿ. ನನ್ನನ್ನ ಯಾವತ್ತು ಕೇಳಿದ್ರಿ?"

ಬಾಮ್ಪೂರ್ ಹೊಳೆಯ ಮೀನಿಗೆ ಯಾವತ್ತೋ ಬೇರೆ ಹೆಸರು ಬಿದ್ದಾಗಿದೆ. ಸಂಜೆಯಿಂದ ಲೇಖನದಲ್ಲಿ ಅವಳ ಹೆಸರಿದ್ದಲ್ಲೆಲ್ಲ ಗೀಟು ಎಳೆಯುತ್ತ ಬಂದೆ. ಕೊನೆಯ ಪುಟದಲ್ಲಿ ಇನ್ನೊಂದಿದೆ. ಅದನ್ನು ಮಾತ್ರ ಹಾಗೇ ಬಿಟ್ಟು ಲೇಖನ ಮಡಚಿಟ್ಟೆ.