ಬಾಗಿಲು ಒದೆಯುವ ಹೀರೋಗಳು

ಮನೆಯಿಂದ, ಎರಡನೇ ಮಹಡಿ
ಆರನೇ ತಾರೀಕು, ಮಂಗಳವಾರ, ಬೆಳಿಗ್ಗೆ ಎಂಟೂವರೆ ಗಂಟೆ

ಪ್ರೀತಿಯ ಗಿಲಕಿಗೆ,

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ಕಾಗದ ಬರೆಸುವ ಬುದ್ಧಿ ನಿನಗಲ್ಲದೆ ಇನ್ಯಾರಿಗೂ ಬರುವುದಿಲ್ಲ. ಐವತ್ತೈದು ವರ್ಷ ಅರ ಹಿಡಿದು ಕೀಲಿಕೈ ಉಜ್ಜಿದ ಬೆರಳುಗಳಿವು. ಪೆನ್ನು ಮೆಲ್ಲಗೆ ಹಿಡಿದರೆ ಜಾರುತ್ತದೆ, ಬಿಗಿ ಹಿಡಿದರೆ ಕಾಗದ ಹರಿಯುತ್ತದೆ. ಇಷ್ಟು ಬರೆಯುವುದರೊಳಗೆ ಎರಡು ಹಾಳೆ ಕೆಟ್ಟವು. ಸಿನಿಮಾ ಮಾತು ಬಂದರೆ ನಾನು ಬೈದು ಫೋನ್ ಇಟ್ಟುಬಿಡುತ್ತೇನೆ ಅಂತ, "ಅನ್ನಿಸಿದ್ದನ್ನೆಲ್ಲ ಬರೆದು ಕಳಿಸಪ್ಪ, ನನ್ನ ಕೆಲಸಕ್ಕೆ ಬೇಕು" ಅಂದೆಯಲ್ಲ, ತಗೋ, ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ನನ್ನನ್ನು ಕೇಳಬೇಡ.

ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಸಿನಿಮಾದವರಿಗೆ ಸದ್ದು ಮಾಡಿಕೊಡುತ್ತೇನೆಂದು ದಿನವಿಡೀ ಬಾಗಿಲು ಬಡಿಯುವುದು, ತಗಡು ಬಗ್ಗಿಸುವುದು, ಬೂಟು ಹಾಕಿಕೊಂಡು ಜಲ್ಲಿಯ ಮೇಲೆ ನಡೆಯುವುದು, ಇದಕ್ಕೂ ಸಂಬಳ ಕೊಡುವವರಿದ್ದಾರೆ ಅನ್ನುವುದೇ ನನಗೆ ಇನ್ನೂ ಸೋಜಿಗ. ಬಿಸಿನೀರಿನಲ್ಲಿ ಕೈ ಅದ್ದು. ಔಷಧಿ ಅಂಗಡಿಯವನು ಕೊಟ್ಟದ್ದನ್ನೆಲ್ಲ ಹಚ್ಚಿಕೊಳ್ಳಬೇಡ. ನನ್ನ ಮಂಡಿ ಇದ್ದ ಹಾಗೇ ಇದೆ, ಕಣ್ಣು ಚೆನ್ನಾಗಿದೆ, ಹೊಟ್ಟೆ ಚೆನ್ನಾಗಿದೆ, ಸಿಟ್ಟಂತೂ ತುಂಬ ಚೆನ್ನಾಗಿದೆ. ಯಾಕೆಂದರೆ ನಿನ್ನ ತಮ್ಮ ಒಂದು ತಿಂಗಳಿನಿಂದ ನನ್ನನ್ನು ಮನೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಅವನು ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ, ಸೊಸೆ ಅವಳ ಶಾಲೆಗೆ. ಸಂಜೆ ಆರರವರೆಗೆ ನಾನು, ಟಿ.ವಿ. ಮತ್ತು ನಾಲ್ಕು ಗೋಡೆ. ನಿನಗೆ ಹೇಳೋಣವೆಂದರೆ ಫೋನು ಅವನದು, ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾನೆ. "ಅಪ್ಪ ಆರಾಮಾಗಿದ್ದಾನೆ ಕಣೇ ಅಕ್ಕ, ಸಿನಿಮಾ ನೋಡ್ಕೊಂಡು ರಾಜನ ಹಾಗಿದ್ದಾನೆ" ಅನ್ನುತ್ತಾನೆ. ಹೌದು, ರಾಜನೇ. ಕೋಟೆಯ ಕೀಲಿಕೈ ಮಾತ್ರ ರಾಜನ ಜೇಬಿನಲ್ಲಿಲ್ಲ.

ಆ ಸಿನಿಮಾಗಳ ವಿಷಯಕ್ಕೇ ಬರುತ್ತೇನೆ. ನನಗೆ ಬೇಸರವಾಗದಿರಲೆಂದು ಅವನು ದಿನಾ ಮೂರು ಸಿನಿಮಾ ಒಂದರ ಹಿಂದೊಂದು ಬರುವ ಹಾಗೆ ಮಾಡಿಟ್ಟು ಹೊರಡುತ್ತಾನೆ. ಒಂದು ಆಕಾಶದಲ್ಲಿ ಹಾರುವವನದು, ಒಂದು ಹೊಡೆಯುವವನದು, ಒಂದು ದೆವ್ವದ್ದು. ಎಪ್ಪತ್ತು ಸಿನಿಮಾದ ಹತ್ತಿರ ನೋಡಿರಬೇಕು. ಲೋಕವೆಲ್ಲ ಇವನ್ನು ಮೆಚ್ಚುತ್ತದಂತೆ. ಮೆಚ್ಚಲಿ, ನಾನು ಹೇಳುವುದು ಯಾರಿಗೂ ರುಚಿಸದು. ಹಾರುವವನಿಗೆ ಶಕ್ತಿಯಿದೆ, ಕಸುಬಿಲ್ಲ. ಗೋಡೆ ಒಡೆಯುವುದೇನು ಮಹಾ? ಕುಡುಕನೂ ಒಡೆಯುತ್ತಾನೆ. ಬೀಗವನ್ನು ಒಂದು ಗೀರು ಬೀಳದಂತೆ ತೆಗೆಯಬೇಕು, ಮತ್ತೆ ಹಾಕಿದರೆ ತೆಗೆದದ್ದೇ ಗೊತ್ತಾಗಬಾರದು, ನನ್ನ ಲೆಕ್ಕದಲ್ಲಿ ಅದು ಶಕ್ತಿ. ಅವನು ಕೆಡವಿದ ಕಟ್ಟಡದ ಕೆಳಗೆ ಪೊರಕೆ ಹಿಡಿದು ನಿಂತವರನ್ನು ಒಂದು ಸಿನಿಮಾದಲ್ಲೂ ಕಾಣೆ. ಮುಖವಾಡ ಹಾಕಿಕೊಂಡು ಹೆತ್ತವಳಿಗೇ ಸುಳ್ಳು ಹೇಳುತ್ತಾನೆ, ಅದಕ್ಕೂ ಚಪ್ಪಾಳೆ. ಊರನ್ನೆಲ್ಲ ಕಾಪಾಡುವ ಈ ಮಹಾನುಭಾವ ಒಂದೇ ಒಂದು ಸಲ ಯಾರದಾದರೂ ಬಾಗಿಲು ತಟ್ಟಿ ಒಳಗೆ ಬರಲೇ ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಕಿಟಕಿಯಿಂದಲೇ ನುಗ್ಗುತ್ತಾನೆ.

ಹೊಡೆಯುವವನು ಅವನಿಗಿಂತ ಕಡೆ. ಬಾಗಿಲು ಒದೆಯುತ್ತಾನೆ, ಅದೂ ಕೀಲು ಇರುವ ಕಡೆ. ಕೀಲಿನ ಕಡೆ ಒದ್ದರೆ ಮುರಿಯುವುದು ಬಾಗಿಲಲ್ಲ, ಕಾಲು. ಬೀಗಕ್ಕೆ ಗುಂಡು ಹೊಡೆದರೆ ಟಪ್ಪನೆ ತೆರೆದುಕೊಳ್ಳುತ್ತದಂತೆ. ಯಾವ ಬೀಗವಮ್ಮ ಅದು? ಒಳಗಿರುವುದೆಲ್ಲ ಜಜ್ಜಿಹೋಗಿ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ನನ್ನಂಥವನು ಅರ್ಧ ದಿನ ಕೊರೆಯುತ್ತ ಕೂರಬೇಕು. ನನ್ನಂಥವನನ್ನು ತೋರಿಸಿದರೂ ಕಳ್ಳನೆಂದೇ ತೋರಿಸುತ್ತಾರೆ. ನಿನ್ನ ಕೆಲಸದ್ದನ್ನೂ ಹೇಳಿಬಿಡುತ್ತೇನೆ. ನೀನು ಸದ್ದು ಮಾಡಿದ್ದೇನೆಂದು ಹೇಳಿದ ಆ ಹಡಗಿನ ಸಿನಿಮಾದಲ್ಲಿ ಕೋಣೆಯ ಬಾಗಿಲು ಕಿರ್ರೆಂದು ಅಳುತ್ತದೆ. ಹಿತ್ತಾಳೆಯ ಕೀಲು ಹಾಗೆ ಅಳುವುದಿಲ್ಲ, ತಪ್ಪು. ಆದರೆ ಪೆಟ್ಟಿಗೆಗೆ ಬೀಗ ಬೀಳುವಾಗ ಎರಡು ಸದ್ದು ಬರಬೇಕು, ಮೊದಲು ಕೊಂಡಿ, ಅದರ ಬೆನ್ನಿಗೇ ಒಳಗಿನ ಸ್ಪ್ರಿಂಗು. ಎರಡೂ ಇದ್ದವು. ಹನ್ನೊಂದು ಸಲ ಹಿಂದಕ್ಕೆ ಹಾಕಿ ಕೇಳಿದೆ. ಸರಿಯಾಗಿದೆ.

ಇನ್ನು ದೆವ್ವ. ಮೂರರಲ್ಲಿ ನನಗೆ ಹಿಡಿಸಿದ್ದು ದೆವ್ವವೇ. ನಗಬೇಡ. ಅದು ಇರುವ ಮನೆಗೆ ಯಾರೋ ಹೊಸಬರು ಸಾಮಾನು ಹೊತ್ತುಕೊಂಡು ಬರುತ್ತಾರೆ, ಪಾತ್ರೆ ಅಲುಗಿದರೆ ಕಿರುಚುತ್ತಾರೆ, ದೀಪ ಆರಿದರೆ ಕಿರುಚುತ್ತಾರೆ. ಅದು ಪಾಪ ಏನು ಮಾಡುತ್ತದೆ? ಈ ಕೋಣೆಯಿಂದ ಆ ಕೋಣೆಗೆ ಹೋಗುತ್ತದೆ, ಕಿಟಕಿಯ ಹತ್ತಿರ ನಿಲ್ಲುತ್ತದೆ, ಮತ್ತೆ ಈ ಕೋಣೆಗೆ ಬರುತ್ತದೆ. ಬಂದವರಿಗೆ ಹೊರಗೆ ಹೋಗಿ ಹೋಗಿ ಅನ್ನುತ್ತದೆ, ಅದಕ್ಕೆ ಮಾತ್ರ ಹೊಸ್ತಿಲು ದಾಟಲಾಗದು. ಮೊನ್ನೆ ಮಧ್ಯಾಹ್ನ ಅಂಥದ್ದೊಂದು ನೋಡುತ್ತಿದ್ದೆ. ಕಾಲು ಜೋಮು ಹಿಡಿಯಿತೆಂದು ಎದ್ದು ಅಡುಗೆಮನೆಗೆ ಹೋದೆ, ಲೋಟ ಎತ್ತಿ ಇಟ್ಟೆ, ಕಿಟಕಿಯ ಹತ್ತಿರ ನಿಂತೆ. ಎದುರು ಕಟ್ಟಡದ ಹೆಂಗಸು ಬಟ್ಟೆ ಒಣಹಾಕುತ್ತಿದ್ದವಳು ನನ್ನನ್ನು ಕಂಡು ಪರದೆ ಎಳೆದುಕೊಂಡಳು. ಆಮೇಲೆ ಆ ಸಿನಿಮಾ ನೋಡಲು ಮನಸ್ಸಾಗಲಿಲ್ಲ.

ನಿನ್ನ ತಮ್ಮ ಕೆಟ್ಟವನಲ್ಲ, ಅದನ್ನೂ ಬರೆಯಬೇಕು. ಭಾನುವಾರ ನನ್ನ ಕಾಲಿನ ಉಗುರು ಅವನೇ ಕತ್ತರಿಸುತ್ತಾನೆ. ಬೀಗ ಹಾಕಲು ಕಾರಣ ನಾನೇ ಮಾಡಿದ್ದು. ನಾಲ್ಕನೇ ಮಹಡಿಯಲ್ಲಿ ಒಬ್ಬ ಟೀಚರಮ್ಮ ಇದ್ದಾಳೆ, ಬಹಳ ಹಿಂದೆ ಟೀಚರಾಗಿದ್ದವಳು, ಈಗ ಎಂಬತ್ತು ದಾಟಿದೆ. ಕಳೆದ ತಿಂಗಳು ಮೂರನೇ ಮಹಡಿಯ ಒಂದು ಬಾಗಿಲ ಮುಂದೆ ನಿಂತು, "ಅಣ್ಣಾ, ಕೀಲಿಕೈ ಒಳಗೇ ಉಳಿದುಬಿಟ್ಟಿದೆ, ಹಾಲು ಒಲೆ ಮೇಲಿದೆ" ಅಂದಳು. ನಾಲ್ಕು ನಿಮಿಷದಲ್ಲಿ ತೆಗೆದೆ. ಒಲೆಯ ಮೇಲೆ ಹಾಲಿರಲಿಲ್ಲ. ಚಹಾ ಮಾಡುತ್ತೇನೆಂದು ಹೋಗಿ ಸಕ್ಕರೆ ಡಬ್ಬಿ ಹುಡುಕಿದಳು, ಸಿಗಲಿಲ್ಲ. ವಯಸ್ಸಾಯಿತು ಅಂದುಕೊಂಡು ನಾನೂ ಹುಡುಕಿಕೊಟ್ಟೆ. ಇಬ್ಬರೂ ಕೂತು ಚಹಾ ಕುಡಿಯುತ್ತಿರುವಾಗ ಮನೆಯ ಯಜಮಾನ ಬಂದ, ಹಲ್ಲಿನ ಡಾಕ್ಟರು. ಅವಳ ಮನೆ ಅದರ ಮೇಲಿನದು. ಪೊಲೀಸಿನವನು ಬಂದು ಬರೆದುಕೊಂಡು ಹೋದ. ಸಂಜೆ ನಿನ್ನ ತಮ್ಮ ಕೂಗಾಡಲಿಲ್ಲ. "ಅವರಿಗೆ ಮರೆವು ಅಪ್ಪಾ. ನಿನಗೇನಾಗಿತ್ತು?" ಅಂದ, ಅಷ್ಟೇ. ಮರುದಿನ ನನ್ನ ಸಾಮಾನಿನ ಪೆಟ್ಟಿಗೆ ಮನೆಯಲ್ಲಿರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಈಗ ಬರೆಯುತ್ತೇನೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದು, ಯಜಮಾನ ಪಕ್ಕದಲ್ಲಿ ನಿಂತಿರದೆ ಬೀಗ ಮುಟ್ಟಬಾರದು. ನಿಂತವನು ಯಜಮಾನನೋ ಅಲ್ಲವೋ ಅನ್ನುವುದಕ್ಕೆ, ಬಾಗಿಲ ಹಿಂದೆ ಎಡಗಡೆ ಏನಿದೆ ಅಂತ ಕೇಳಬೇಕು. ತೆಗೆದ ಮೇಲೆ ಅದು ಅಲ್ಲಿಲ್ಲದಿದ್ದರೆ ಹಾಗೇ ಬೀಗ ಹಾಕಿ ಮೆಟ್ಟಿಲಿಳಿಯಬೇಕು. ಐವತ್ತೈದು ವರ್ಷ ಮಂತ್ರಿಯಾಗಲಿ ಮಾವನಾಗಲಿ ಕೇಳದೆ ಬಿಟ್ಟಿಲ್ಲ. ಅವಳು ಅಣ್ಣಾ ಅಂದಳು, ಕೇಳಲಿಲ್ಲ. ಇಷ್ಟೇ ಆಗಿದ್ದು. ಬುದ್ಧಿ ಕೆಟ್ಟಿರಲಿಲ್ಲ, ಯಾರೋ ಕೆಲಸಕ್ಕೆ ಕರೆದರಲ್ಲ ಅಂತ ಹಿಗ್ಗಿದ್ದೆ.

ಈ ಮನೆಯ ಬಾಗಿಲನ್ನು ನಾನು ತೆಗೆಯಲಾರೆ ಅಂತಲ್ಲ. ಬಾಗಿಲೊಳಗೆ ಕೂರಿಸಿದ ಸಾಧಾರಣ ಬೀಗ, ಒಳಗಡೆಯೂ ಕೀಲಿಯ ತೂತಿದೆ. ಪೆಟ್ಟಿಗೆ ಇಲ್ಲದಿದ್ದರೇನು, ಸೊಸೆಯ ಹೇರ್‌ಪಿನ್ನು ಸಾಕು. ಹೋದ ವಾರ ಕೂತೂಬಿಟ್ಟೆ. ಇನ್ನೇನು ಬೀಗದೊಳಗಿನ ತಡೆಗಳಲ್ಲಿ ಕೊನೆಯದೊಂದು ಏಳಬೇಕು, ಬೆರಳಿಗೆ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ನೋಡಿದರೆ ಯಾರೂ ನಿಂತಿಲ್ಲ. ಪಿನ್ನು ಹೊರಗೆಳೆದೆ. ಯಜಮಾನರಿಲ್ಲದೆ ಇನ್ನೊಂದು ಸಲ ತೆಗೆದರೆ, ನಿನ್ನ ತಮ್ಮ ಕೇಳಿದ ಪ್ರಶ್ನೆಗೆ ತಲೆ ಕೆಟ್ಟಿದೆ ಅಂತ ನಾನೇ ಉತ್ತರ ಕೊಟ್ಟ ಹಾಗೆ. ಈಗ ಅವನು ಇಪ್ಪತ್ತನೇ ತಾರೀಕಿಗೆ ಆ ಬೀಗ ತೆಗೆಸಿ ನಂಬರಿನ ಬೀಗ ಹಾಕಿಸುತ್ತಾನೆ. ಎಲ್ಲಿದ್ದರೂ ಅವನ ಫೋನಿನಿಂದಲೇ ತೆರೆಯುತ್ತದಂತೆ. ತೂತೇ ಇರುವುದಿಲ್ಲ. "ನಿನ್ನ ಒಳ್ಳೇದಕ್ಕೇ ಕಣಪ್ಪಾ" ಅನ್ನುತ್ತಾನೆ, ಸುಳ್ಳೂ ಅಲ್ಲ. ತೆಗೆಯಬಲ್ಲ ಬಾಗಿಲ ಹಿಂದೆ ಕೂರುವುದು ಹೇಗೋ ಅಭ್ಯಾಸವಾಗಿದೆ. ಇದು ಬೇರೆ.

ಹೊತ್ತಾಯಿತು. ಮೆಟ್ಟಿಲು ಗುಡಿಸುವ ಹೆಂಗಸು ಹನ್ನೊಂದಕ್ಕೆ ಈ ಮಹಡಿಗೆ ಬರುತ್ತಾಳೆ, ಬಾಗಿಲ ಕೆಳಗಿನ ಸಂದಿಯಿಂದ ಇದನ್ನು ಅವಳಿಗೆ ತಳ್ಳಬೇಕು. ದಪ್ಪವಾದರೆ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈ ಗಟ್ಟಿಯಾಗಿರಲಿ, ಕಿವಿ ಚುರುಕಾಗಿರಲಿ, ನೂರು ವರ್ಷ ಬಾಳು.

ಇಂತು ನಿನ್ನ ಸಿಡುಕ
ಅಪ್ಪ

ಮರೆತಿದ್ದೆ: ಈ ಮನೆಯ ಕಾಗದಪತ್ರ ನಿನ್ನ ಹೆಸರಿನಲ್ಲಿದೆ. ನಿನ್ನ ಅಮ್ಮ ಹಠ ಹಿಡಿದು ಹಾಗೆ ಬರೆಸಿದಳು, ನಿನ್ನ ತಮ್ಮನಿಗೂ ಗೊತ್ತು. ಅಲ್ಲಿಗೆ ಯಜಮಾನಿ ನೀನು. ನೀನು ಬಂದು ನನ್ನ ಪಕ್ಕದಲ್ಲಿ ನಿಂತರೆ ಸರಿ. ಬರಲಾಗದಿದ್ದರೆ ಒಂದು ಸಾಲು ಬರೆ, ತೆಗೆ ಅಂತ, ಕೆಳಗೆ ಸಹಿ ಹಾಕು. ಅದನ್ನೇ ಬಾಗಿಲಿಗೆ ಅಂಟಿಸಿಕೊಂಡು ತೆಗೆಯುತ್ತೇನೆ. ಓಡಿಹೋಗುವುದಿಲ್ಲ, ರಸ್ತೆಯ ತಿರುವಿನ ಸೈಕಲ್ ರಿಪೇರಿಯವನ ಬೆಂಚಿನ ಮೇಲೆ ಎರಡು ಗಂಟೆ ಕೂತು ಬರುತ್ತೇನೆ. ಅವನ ನಂಬರಿನ ಬೀಗ ಬೇಕೋ ಬೇಡವೋ ಅನ್ನುವುದನ್ನೂ ಅದರಲ್ಲೇ ಬರೆ, ನಿನ್ನ ತಮ್ಮನಿಗೆ ನಾನೇ ತೋರಿಸುತ್ತೇನೆ. ನಿನಗೂ ನನ್ನ ತಲೆಯ ಮೇಲೆ ಅನುಮಾನವಿದ್ದರೆ ತೆಗೆಯಬೇಡ ಅಂತಲೇ ಬರೆ, ಕೂರುತ್ತೇನೆ. ಫೋನ್ ಮಾಡಬೇಡ. ಕೆಳಗಿನ ಅಂಚೆಪೆಟ್ಟಿಗೆಯ ಕೀಲಿಕೈಯೂ ಅವನ ಹತ್ತಿರವೇ ಇದೆ, ಗುಡಿಸುವ ಹೆಂಗಸಿನ ವಿಳಾಸ ಕವರಿನ ಹಿಂದೆ ಬರೆದಿದ್ದೇನೆ, ಅಲ್ಲಿಗೆ ಕಳಿಸು. ಹದಿನೆಂಟನೇ ತಾರೀಕಿನೊಳಗೆ ಉತ್ತರ ಬರಬೇಕು.