ತಲೆಕೆಳಗಾದ ಆರು

ಮಾರ್ಚ್ 12, ಗುರುವಾರ.

ನಮ್ಮ ಲೂಥರನ್ ಚರ್ಚಿನ ಶಾಲೆಯ ಪ್ರಿನ್ಸಿಪಾಲರನ್ನು ಇಂದು ಮಣ್ಣು ಮಾಡಿ ಬಂದೆವು. ಅಲ್ಲಿ ಸೇರಿದ್ದವರು ಎರಡು ಮಾತಾಡು ಎಂದರು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗ ಬೆಳಗಿನ ಪ್ರಾರ್ಥನೆಯ ಗೀತೆಯ ಸಂಖ್ಯೆಯನ್ನು ಹಲಗೆಗೆ ಸಿಕ್ಕಿಸುವ ಕೆಲಸ ನನ್ನದಾಗಿತ್ತು. ಶಾಲೆಯ ವಾರ್ಷಿಕೋತ್ಸವದ ದಿನ 6 ಅನ್ನು ತಲೆಕೆಳಗಾಗಿ ಸಿಕ್ಕಿಸಿಬಿಟ್ಟೆ. ಗೀತೆಪುಸ್ತಕದಲ್ಲಿ 9ನೆಯದು ಶವಸಂಸ್ಕಾರದ ಗೀತೆ. ಹಾರ್ಮೋನಿಯಂ ಮುಂದಿದ್ದ ಪ್ರಿನ್ಸಿಪಾಲರು ಹಲಗೆ ನೋಡಿ, ಅದನ್ನೇ ಕೊನೆಯ ಚರಣದವರೆಗೂ ನುಡಿಸಿದರು.

"ಯಾರದು ಈ ಕಿತಾಪತಿ?" ಎಂದು ಗಣಿತದ ಮೇಷ್ಟ್ರು ಗುಡುಗಿದರು.

"ಬಿಡಿ ಮೇಷ್ಟ್ರೇ, ನನ್ನ ಸರದಿ ಬಂದಾಗ ಮಕ್ಕಳು ಈ ಹಾಡಿಗೆ ತಡವರಿಸಲ್ಲ," ಎಂದರು ಪ್ರಿನ್ಸಿಪಾಲರು.

ಮರುದಿನ ಅಂಕಿಗಳ ಪೆಟ್ಟಿಗೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು. "ತಗೋಮ್ಮ, ನಿನ್ನ ಕೆಲಸ." ಸರಿಯಾಗಿ ಸಿಕ್ಕಿಸಿದೆನೇ ಎಂದು ತಿರುಗಿಯೂ ನೋಡಲಿಲ್ಲ. ಆ ಪೆಟ್ಟಿಗೆ ಹಿಡಿದು ನಡೆದಷ್ಟು ಹೆಮ್ಮೆಯಿಂದ ನಾನು ಮುಂದೆ ಯಾವ ಕೆಲಸಕ್ಕೂ ಹೋಗಿಲ್ಲ.