ನೂರಕ್ಕೆ ಹದಿನಾಲ್ಕು

ಮಂಗಳವಾರ, ಹದಿನಾರನೇ ತಾರೀಖು
ಗಂಡಸರ ವಾರ್ಡು, ಹನ್ನೊಂದನೇ ಹಾಸಿಗೆ

ಇವಳೇ,

ಮೂವತ್ನಾಲ್ಕು ವರ್ಷ ಹೀಗೇ ಕರೆದವನು ಈಗ ಕಾಗದದಲ್ಲಿ ‘ಪ್ರಿಯೆ’ ಎಂದು ಬರೆದರೆ, ಯಾರಿಗೋ ಬರೆದದ್ದು ತಪ್ಪಿ ಬಂದಿದೆ ಎಂದು ನೀನು ವಾಪಸು ಕಳಿಸುತ್ತೀಯ. ಅದಕ್ಕೇ ಇವಳೇ ಎಂದೇ ಶುರು ಮಾಡಿದ್ದೇನೆ. ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಏಳು ವಾರ ಒಂದು ಸಾಲೂ ಬರೆಯಲಿಲ್ಲ, ತಪ್ಪೇ. ಆದರೆ ಫೋನು ಮಾಡಿದ್ದೇನೆ, ಅದನ್ನೂ ಗಮನಿಸು. ಪ್ರತಿ ಸಲವೂ ನಿನ್ನ ಅಕ್ಕ ಎತ್ತಿ, “ಅವಳು ಸ್ನಾನಕ್ಕೆ ಹೋಗಿದಾಳೆ” ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಹೀಗೇ ಆದರೆ ಅವಳು ಸವೆದು ಹೋಗುತ್ತಾಳೆ ಎಂದಿದ್ದಕ್ಕೆ ಫೋನು ಇಟ್ಟುಬಿಟ್ಟರು.

ಗಾಬರಿಯಾಗಬೇಡ, ನಾನು ಆಸ್ಪತ್ರೆಯಲ್ಲಿದ್ದೇನೆ. ಅಥವಾ ಬೇಕಿದ್ದರೆ ಸ್ವಲ್ಪ ಗಾಬರಿಯಾಗು. ಶುಕ್ರವಾರ ಅಂಗಡಿಯಲ್ಲಿ ಕೂತಿದ್ದ ಹಾಗೇ ಮೈ ಕಾದು ಕೆಮ್ಮು ಹತ್ತಿತು. ಪಕ್ಕದಂಗಡಿಯ ಟೈಲರು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಇಲ್ಲಿ ಬಿಟ್ಟ. ಊರಿಗೆಲ್ಲ ಹಬ್ಬಿದೆಯಲ್ಲ, ಅದೇ ವೈರಸ್ ಜ್ವರ, ಎದೆಗೆ ಇಳಿಯುವಂಥದ್ದು. ಹಾಸಿಗೆಗೆ ಬಿದ್ದ ತಕ್ಷಣ ನನ್ನ ತಲೆಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಇನ್ನು ಇವಳು ಬಂದೇ ಬರುತ್ತಾಳೆ ಎಂದು. ಮಂಚದ ಮೇಲೆ ತಕ್ಕಡಿ ಬಿಚ್ಚಿ ಚಾದರಕ್ಕೆ ಗ್ರೀಸು ಹತ್ತಿಸಿದೆನೆಂದು ಮನೆ ಬಿಟ್ಟು ಹೋದವಳು, ಗಂಡ ಆಸ್ಪತ್ರೆ ಸೇರಿದರೂ ಬರದೆ ಇರುತ್ತಾಳೆಯೇ. ಸುಳ್ಳು ಯಾಕೆ ಹೇಳಲಿ, ಆ ಜ್ವರದಲ್ಲೂ ಖುಷಿಯಾಯಿತು.

ಆ ಖುಷಿಗೆ ತಣ್ಣೀರೆರಚಿದವರು ಇಲ್ಲಿಯ ಲ್ಯಾಬ್ ಮೇಡಂ. ಇವರು ಒಂದು ಪರೀಕ್ಷೆ ನಡೆಸುತ್ತಿದ್ದಾರೆ. ಬಂದ ದಿನವೇ ರಕ್ತ ತೆಗೆದು, ಅದರಲ್ಲಿ ಮೂರು ಬಗೆಯ ಅಂಶ ಎಷ್ಟೆಷ್ಟಿದೆ ಎಂದು ಅಳೆಯುತ್ತಾರೆ. ಸೋಂಕು ಒಳಗೆ ಹಾವಳಿ ಎಬ್ಬಿಸಿದ್ದರೆ, ಹೊರಗೆ ಏನೂ ಕಾಣುವ ಮೊದಲೇ ರಕ್ತದಲ್ಲಿ ಅವು ಏರಿರುತ್ತವಂತೆ. ಮೂರನ್ನೂ ಸೇರಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಹೆಚ್ಚು ಬಂದವನಿಗೆ ನಾಲ್ಕೈದು ದಿನದಲ್ಲಿ ಉಸಿರಾಟದ ತೊಂದರೆ ಆಗುವ ಸಂಭವ ಹೆಚ್ಚು. ಕಡಿಮೆ ಬಂದವನು ಸಾಮಾನ್ಯವಾಗಿ ಕೆಮ್ಮಿಕೊಂಡು ಮನೆಗೆ ಹೋಗುತ್ತಾನೆ. ನನಗೆ ಬಂದದ್ದು ಹದಿನಾಲ್ಕು.

ಹದಿನಾಲ್ಕು ಕಣೇ. ನಾನು ನರಳುತ್ತಿದ್ದ ರೀತಿಗೆ ಎಂಬತ್ತಾದರೂ ಬರಬೇಕಿತ್ತು.

“ಇದು ಸರಿಯಿಲ್ಲ ಮೇಡಂ” ಅಂದೆ.

“ಯಾಕ್ ಸರಿಯಿಲ್ಲ?”

“ಮೂವತ್ತೆಂಟು ವರ್ಷದಿಂದ ತಕ್ಕಡಿ ರಿಪೇರಿ ಮಾಡ್ತಿದೀನಿ. ಯಂತ್ರ ನೋಡದೆ ತೂಕ ನಂಬೋನಲ್ಲ. ನಿಮ್ಮದರ ಸೊನ್ನೆ ಯಾವಾಗ ನೋಡಿದ್ರಿ?”

ಆಕೆ ನಕ್ಕರು. “ದಿನಾ ಬೆಳಿಗ್ಗೆ. ಎಷ್ಟು ಬರ್ಬೇಕು ಅಂತ ಮೊದ್ಲೇ ಗೊತ್ತಿರೋ ಸ್ಯಾಂಪಲ್ ಒಂದನ್ನ ಹಾಕಿ ನೋಡ್ತೀವಿ. ಅದು ಸರಿ ಬಂದ್ರೇನೇ ನಿಮ್ಮದು.”

ಅಂದರೆ ನಾನು ಸರ್ಕಾರಿ ಮುದ್ರೆಯ ತೂಕದ ಕಲ್ಲಿಟ್ಟು ತಕ್ಕಡಿ ನೋಡುವ ಹಾಗೆಯೇ. ಆದರೂ ಬಿಡಲಿಲ್ಲ. ಒಂದೇ ಕಲ್ಲಿಗೆ ಎರಡು ತೂಕ ತೋರಿಸುವುದು ಕಳ್ಳ ತಕ್ಕಡಿ, ಆದ್ದರಿಂದ ನನ್ನ ರಕ್ತವನ್ನು ಇನ್ನೊಂದು ಸಲ ಹಾಕಿ ಎಂದು ಹಟ ಹಿಡಿದೆ. ತಲೆ ತಿನ್ನುವ ಗಿರಾಕಿ ಎಂದುಕೊಂಡೇ ಹಾಕಿದರು. ಮತ್ತೆ ಹದಿನಾಲ್ಕು. ಒಳ್ಳೆಯ ಯಂತ್ರ. ಒಳ್ಳೆಯ ಯಂತ್ರ ನೋಡಿ ಇಷ್ಟು ಬೇಜಾರು ನನಗೆ ಯಾವತ್ತೂ ಆಗಿರಲಿಲ್ಲ.

ನನ್ನ ಎಡಕ್ಕೆ ಹತ್ತನೇ ಹಾಸಿಗೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಬಲಕ್ಕೆ ಹನ್ನೆರಡರಲ್ಲಿ ಬೇಕರಿಯವನು, ನಲವತ್ತರ ಗಟ್ಟಿ ಆಳು, ಅವರದೇ ಹಳೆಯ ವಿದ್ಯಾರ್ಥಿ. ಹೆಡ್‌ಮಾಸ್ಟರಿಗೆ ಇಪ್ಪತ್ತೆರಡು, ಬೇಕರಿಯವನಿಗೆ ಅರವತ್ತೊಂದು ಬಂದದ್ದೇ ತಡ, ವಾರ್ಡಿನ ನೆಮ್ಮದಿ ಹಾಳಾಯಿತು.

“ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೋನು ಕಣ್ರೀ ಇವನು” ಎಂದು ಹೆಡ್‌ಮಾಸ್ಟರು ಎದ್ದು ಕೂತರು. “ಇವನಿಗೆ ಅರವತ್ತೊಂದು, ನಂಗೆ ಇಪ್ಪತ್ತೆರಡಾ?”

“ಸಾರ್, ಇಲ್ಲಿ ಕಮ್ಮಿ ಬಂದ್ರೇ ಒಳ್ಳೇದು” ಎಂದು ನರ್ಸು ಎಷ್ಟು ತಿಳಿಹೇಳಿದರೂ ಅವರ ಮುಖದ ಗಂಟು ಸಡಿಲವಾಗಲಿಲ್ಲ. ಕಮ್ಮಿ ಬಂದರೆ ಒಳ್ಳೆಯದು ಎನ್ನುವ ಪರೀಕ್ಷೆಯನ್ನು ಅವರು ತಮ್ಮ ಇಡೀ ಸರ್ವೀಸಿನಲ್ಲಿ ಕಂಡಿಲ್ಲವಂತೆ. ಮರುಮೌಲ್ಯಮಾಪನ ಮಾಡಬೇಕೆಂದು ಅರ್ಜಿ ಬರೆದು ನನ್ನ ಸಹಿ ಕೇಳಿದರು. ನನ್ನ ಅಂಕ ಎಷ್ಟೆಂದು ತಿಳಿದ ಮೇಲೆ, ಪಾಪ ಎಂಬಂತೆ ನೋಡಿ, ಸಹಿ ಬೇಡ ಬಿಡಿ ಎಂದರು.

ಬೇಕರಿಯವನೋ, ಸನ್ಮಾನ ಮಾಡಿಸಿಕೊಂಡವನ ಹಾಗೆ ಓಡಾಡುತ್ತಿದ್ದ. ಜ್ವರ ಇಳಿದಿತ್ತು. ನನ್ನ ಪಾಲಿನ ಬ್ರೆಡ್ಡನ್ನೂ ತಾನೇ ತಿಂದು, “ಇದನ್ನ ಸುಟ್ಟೋನಿಗೆ ಕೈ ಇಲ್ವಾ, ಮೂಗಿಲ್ವಾ” ಎಂದು ಬೈಯುತ್ತಿದ್ದ. ಆದರೆ ಅವನ ಹೆಂಡತಿ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ. ಅಂಕ ಜಾಸ್ತಿ ಇದೆ, ಜೊತೆಗೇ ಇರಿ ಎಂದು ಡಾಕ್ಟರು ಆಕೆಗೆ ಹೇಳಿದ್ದರಂತೆ.

“ನಂಗೇನಾಗಿದೆ ಹೇಳು, ಬೇಕರಿ ನೋಡ್ಕೋ ಹೋಗೇ” ಎಂದು ಇವನು.

“ನಿಮ್ಮ ಮಾತು ಯಾರಿಗ್ರೀ ಬೇಕು, ನಿಮ್ಮ ರಕ್ತ ಹೇಳಿದೆಯಲ್ಲ” ಎಂದು ಆಕೆ.

ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು. ಭಾನುವಾರ ಎರಡನೇ ಸಲ ರಕ್ತ ತೆಗೆಯುವುದಿತ್ತು. ಅಂಕ ನಲವತ್ತು ದಾಟಿದರೆ ಆಸ್ಪತ್ರೆಯವರೇ ಮನೆಯವರಿಗೆ ಫೋನು ಮಾಡುತ್ತಾರೆ, ಅದು ಇಲ್ಲಿಯ ಕ್ರಮ. ಆಸ್ಪತ್ರೆಯ ಫೋನಿಗೆ ನಿನ್ನ ಅಕ್ಕ ಸ್ನಾನದ ಕಥೆ ಹೇಳಲಾರರು. ಹಾಗಾಗಿ ಲ್ಯಾಬ್ ಮೇಡಂ ಬರುವ ಮೊದಲು, ಟವೆಲ್ಲು ಹೊದ್ದು, ಮೆಟ್ಟಿಲು ಹತ್ತಿ ಇಳಿಯತೊಡಗಿದೆ. ಮೈ ದಣಿದರೆ ಅಂಕ ಏರೀತು ಎಂದು ನನ್ನ ಲೆಕ್ಕಾಚಾರ. ಏಳನೇ ಸುತ್ತಿಗೆ ನರ್ಸು ಎದುರಾದಳು.

“ಎಲ್ಲಿಗ್ ಹೊರಟ್ರಿ ಅಜ್ಜಾ?”

ಅಜ್ಜಾ ಅಂದದ್ದು ಒಂದು ಪೆಟ್ಟು. ಎರಡನೆಯ ಪೆಟ್ಟು ಸಂಜೆ ಬಂತು. ಅಂಕ ಒಂಬತ್ತಕ್ಕೆ ಇಳಿದಿತ್ತು. ಲ್ಯಾಬ್ ಮೇಡಂ ಕನ್ನಡಕದ ಮೇಲಿಂದ ನೋಡಿ, “ಓಡಿದ್ರೆ ನಾಡಿ ಏರತ್ತೆ, ಇದು ಏರಲ್ಲ. ಇದಕ್ಕೆ ನಾಟಕ ತಿಳಿಯಲ್ಲ” ಎಂದರು. ಯಾವ ವ್ಯಾಪಾರಿಗೂ ತಕ್ಕಡಿಯ ತಟ್ಟೆಯ ಕೆಳಗೆ ಬೆರಳಿಡಲು ಬಿಡದ ನಾನು, ಈ ವಯಸ್ಸಿನಲ್ಲಿ ಬೆರಳಿಡಲು ಹೋಗಿ ಮಂಗನಾದೆ. ಮುಸುಕೆಳೆದು ಮಲಗಿದೆ.

ನಗುವ ಸಂಗತಿ ಇಲ್ಲಿಗೆ ಮುಗಿಯಿತು. ನಿನ್ನೆ ಬೆಳಿಗ್ಗೆ ಬೇಕರಿಯವನು ಯಾವುದೋ ಗಿರಾಕಿಯ ಕಥೆ ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ನಾವಿಬ್ಬರೂ ಮುಂದೇನು ಎಂದು ಕಾಯುತ್ತ ಕೂತೆವು. ಅವನ ಹೆಂಡತಿಗೆ ಮಾತ್ರ ಥಟ್ಟನೆ ತಿಳಿಯಿತು. ಸ್ಟೂಲು ಉರುಳಿಸಿಕೊಂಡೇ ಓಡಿದರು. ಡಾಕ್ಟರು, ಆಮ್ಲಜನಕ, ಮುಖವಾಡ, ಎಲ್ಲ ಐದೇ ನಿಮಿಷದಲ್ಲಿ ಬಂತು, ಮೊದಲೇ ತಯಾರಿಟ್ಟಿದ್ದರು. ಅವನನ್ನು ಗಾಜಿನ ಕೋಣೆಗೆ ತಳ್ಳಿಕೊಂಡು ಹೋದರು. ಎರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರಂತೆ. ಇವತ್ತು ಪರವಾಗಿಲ್ಲ, ಕೈ ಎತ್ತಿ ಬೀಸಿದ.

ಹೆಡ್‌ಮಾಸ್ಟರು ತಮ್ಮ ಅರ್ಜಿಯನ್ನು ಹರಿದು ಹಾಕಿದರು. ಗಂಟೆಗೊಮ್ಮೆ ಗೋಡೆ ಹಿಡಿದುಕೊಂಡು ಹೋಗಿ ಆ ಗಾಜಿನ ಮುಂದೆ ನಿಲ್ಲುತ್ತಾರೆ. ನಾನೂ ಒಂದು ಸಲ ಜೊತೆಗೆ ಹೋದೆ. “ಕಮ್ಮಿ ತಗೊಳ್ಳೋ ಮಾರಾಯ, ಈ ಸಲ ಕಮ್ಮಿ ತಗೊಂಡು ಪಾಸಾಗು” ಎನ್ನುತ್ತಿದ್ದರು. ಒಳಗಿದ್ದವನಿಗೆ ಕೇಳಿಸುವ ಹಾಗಿರಲಿಲ್ಲ. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ.

ನನ್ನನ್ನು ಗುರುವಾರ ಬಿಡುತ್ತಾರೆ. ಅರವತ್ತು ದಾಟಿದವರನ್ನು ಅಂಕ ಕಡಿಮೆ ಇದ್ದರೂ ಆರು ದಿನ ಇಟ್ಟುಕೊಂಡು ನೋಡುವುದಂತೆ. ಸಂಜೆ ನಾಲ್ಕರಿಂದ ಆರು ನೋಡಲು ಬರುವವರ ಹೊತ್ತು. ಬಾಗಿಲು ತೆರೆದಾಗೆಲ್ಲ ಎಲ್ಲರೂ ಅತ್ತ ತಿರುಗುತ್ತಾರೆ, ನಾನೂ ತಿರುಗುತ್ತೇನೆ. ಹತ್ತನೆಯವರ ಸೊಸೆ ಬರುತ್ತಾಳೆ, ಹದಿಮೂರನೆಯವನ ತಮ್ಮ ಬರುತ್ತಾನೆ. “ನಿಮ್ಮೋರು?” ಎಂದು ಬೇಕರಿಯವನ ಹೆಂಡತಿ ಕೇಳಿದಾಗ “ಬರ್ತಾಳೆ” ಅಂದೆ. ಎರಡು ತಾಸು ಎಷ್ಟು ಉದ್ದ ಎಂದು ಇಲ್ಲಿ ಮಲಗಿದವರಿಗೇ ಗೊತ್ತು.

ನಿನ್ನ ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳು. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಇದ್ದರೂ ಈಗ ಬಿಟ್ಟಿದ್ದೇನೆ. ನಿನ್ನ ಮಂಡಿ ಜೋಪಾನ, ಅವರ ಮನೆಯ ಮೆಟ್ಟಿಲು ಕಡಿದು. ನಿನಗೆ ಯಾವ ಕಾಯಿಲೆಯೂ ಬಾರದಿರಲಿ, ಬಂದರೂ ನನ್ನಷ್ಟೇ ಅಂಕ ಬರಲಿ. ಚೆನ್ನಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ನೂರು ವರ್ಷ ನನ್ನನ್ನು ಬೈದುಕೊಂಡಿರು.

ಇಂತಿ,
ನೀನು ‘ರೀ’ ಎಂದು ಕರೆಯುತ್ತಿದ್ದವನು

ತಾ.ಕ.: ಗ್ರೀಸಿಗಾಗಿ ನೀನು ಹೋಗಲಿಲ್ಲ ಎಂದು ನನಗೆ ಗೊತ್ತು. ಈ ಪರೀಕ್ಷೆಯನ್ನು ಹೊಸದಾಗಿ ಕಂಡವನ ಹಾಗೆ ಮೇಲೆ ವಿವರಿಸಿದ್ದೂ ನಾಟಕವೇ. ಹೋದ ವರ್ಷ ಇದೇ ಜ್ವರ ಬಂದು ನೀನು ಇಲ್ಲೇ ಕೆಳಗಿನ ಹೆಂಗಸರ ವಾರ್ಡಿನಲ್ಲಿದ್ದಾಗ ಡಾಕ್ಟರು ನನ್ನ ಕೈಗೂ ಒಂದು ಚೀಟಿ ಕೊಟ್ಟಿದ್ದರು. ಎಪ್ಪತ್ಮೂರು ಎಂದಿತ್ತು. “ಹತ್ರಾನೇ ಇರಿ” ಅಂದಿದ್ದರು. ನಿನ್ನ ಬಳಿ ಬಂದರೆ ನೀನು ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದೆ. “ನಂಗೇನಾಗಿಲ್ಲ, ನೀವು ಅಂಗಡಿಗೆ ಹೋಗ್ರೀ” ಅಂದೆ. ನಾನು ಹೋದೆ. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ, ನಿನಗೆ ಮುಖವಾಡ ಹಾಕಿದ ಮೇಲೆ, ಆಸ್ಪತ್ರೆಯವರು ಕರೆಸಿದರು. ಮನೆಗೆ ಬಂದ ಮೇಲೆ ನೀನು ಒಂದೇ ಮಾತು ಕೇಳಿದೆ, ಡಾಕ್ಟರು ನಿಮಗೇನೂ ಹೇಳಲಿಲ್ಲವಾ ಎಂದು. ಇಲ್ಲ ಎಂದೆ. ಏಳು ವಾರದ ಹಿಂದೆ ನೀನು ಒಗೆಯಲು ತೆಗೆದಿಟ್ಟಿದ್ದ ನನ್ನ ಕೋಟನ್ನು, ನೀನು ಹೋದ ಮೇಲೆ ನೋಡಿದೆ. ಆ ಚೀಟಿ ಇಟ್ಟಿದ್ದ ಒಳಜೇಬು ಹೊರಗೆ ಮಗುಚಿತ್ತು, ಚೀಟಿ ಇರಲಿಲ್ಲ. ಆ ಮೂರು ದಿನ ಅಂಗಡಿಯಲ್ಲಿ ಯಾವ ಕೆಲಸವೂ ಇರಲಿಲ್ಲ ಕಣೇ. ಕೆಡದೇ ಇದ್ದ ತಕ್ಕಡಿಯೊಂದನ್ನು ಬಿಚ್ಚುತ್ತಿದ್ದೆ, ಜೋಡಿಸುತ್ತಿದ್ದೆ. ನಿನ್ನ ಉಸಿರು ನಿಲ್ಲುವಾಗ ನಾನು ಎದುರಿಗಿರಬೇಕಾದೀತು ಎಂದು ಹೆದರಿದ್ದೆ. ಇನ್ನು ಮೇಲೆ ಬಾ ಎನ್ನಲು ನನಗೆ ಮುಖವಿಲ್ಲ. ನೀನು ಕೇಳಿದ್ದಕ್ಕೆ ಉತ್ತರವನ್ನಾದರೂ ಬರೆದುಬಿಡುತ್ತೇನೆ. ಡಾಕ್ಟರು ಹೇಳಿದ್ದರು.